ವಿಶ್ರಾಂತಿಯ ಕೊನೆಯ ದಿನ

ಎಲ್ಲಕ್ಕೂ ಕಾರಣ ಒಂದು ನೂಲಿನ ಡಬ್ಬ. ನೆಲಮಹಡಿಯ ದರ್ಜಿಗೆ ಬಂದ ಆ ಪಾರ್ಸಲ್ಲನ್ನು ಕೊರಿಯರಿನವನು ಮೆಟ್ಟಿಲ ಮೇಲೇ ಇಟ್ಟು ಹೋಗಿದ್ದ. ಅದೇ ಹೊತ್ತಿಗೆ ಮೂರನೇ ಮಹಡಿಯಿಂದ ನಾಯಿ ಮೇಷ್ಟ್ರು ಇಪ್ಪತ್ತೆಂಟು ಕಿಲೋ ತೂಗುವ ನಾಯಿ ಬಾಣನನ್ನು ಕೂಸಿನಂತೆ ಎತ್ತಿಕೊಂಡು ಇಳಿಯುತ್ತಿದ್ದರು.

ನಾಯಿ ಮೇಷ್ಟ್ರು ಎಂಬುದು ಬೀದಿಯವರಿಟ್ಟ ಹೆಸರು. ದೊಡ್ಡ ಪಾರ್ಸಲ್ ಗೋದಾಮಿನಲ್ಲಿ ಕದ್ದ ಮಾಲನ್ನು ಮೂಸಿ ಹಿಡಿಯುವ ನಾಯಿಯನ್ನು ಪಳಗಿಸಿ ನಡೆಸುವುದು ಅವರ ಕೆಲಸ. ಬಾಣ ಹೆಸರಿಗೆ ತಕ್ಕವನು. ಸುಮ್ಮನೆ ಕೂತದ್ದನ್ನು ಕಂಡವರಿಲ್ಲ. ಆರು ವಾರದ ಹಿಂದೆ ಪೆಟ್ಟಿಗೆಗಳ ರಾಶಿಯಿಂದ ಹಾರಿ ಬಲ ಹಿಂಗಾಲಿನ ಲಿಗಮೆಂಟ್ ಹರಿದುಕೊಂಡ. ಆಪರೇಷನ್ ಆಯಿತು. ಆರು ವಾರ ಓಡುವಂತಿಲ್ಲ, ಹಾರುವಂತಿಲ್ಲ, ಮೆಟ್ಟಿಲು ಹತ್ತಿಳಿಯುವಂತಿಲ್ಲ ಎಂದು ಪ್ರಾಣಿಗಳ ಡಾಕ್ಟರಮ್ಮ ಚೀಟಿ ಬರೆದುಕೊಟ್ಟರು. ಮೇಷ್ಟ್ರ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಅಂದಿನಿಂದ ಮೇಷ್ಟ್ರೇ ಲಿಫ್ಟ್ ಆದರು, ದಿನಕ್ಕೆ ನಾಲ್ಕು ಸಲ.

ಇವತ್ತು ಕೊನೆಯ ದಿನ. ಸಂಜೆ ಐದಕ್ಕೆ ಡಾಕ್ಟರಮ್ಮ ಮನೆಗೇ ಬಂದು ಬಾಣನನ್ನು ನಡೆಸಿ ನೋಡುವವರಿದ್ದರು. ಕುಂಟಿದರೆ ಕೆಲಸದಿಂದ ನಿವೃತ್ತಿ. ಕೇಳಿದವರ ಮನೆಗೆ ಕೊಟ್ಟುಬಿಡುತ್ತಾರೆ. ಅದನ್ನು ನೆನೆದರೆ ಮೇಷ್ಟ್ರಿಗೆ ತುತ್ತು ಇಳಿಯುತ್ತಿರಲಿಲ್ಲ. ಐದು ವರ್ಷ ಜೊತೆಗೆ ನಡೆದವರು. ಪಕ್ಕದಲ್ಲಿ ನಡೆಯುವವನ ಹೆಜ್ಜೆಗೆ ಹೆಜ್ಜೆ ಕೂಡಿಸುವುದನ್ನು ಬಾಣನಿಗೆ ಕಲಿಸಲು ಎರಡು ವರ್ಷ ಬೆವರು ಹರಿಸಿದ್ದರು. ಗೋದಾಮಿನ ಬೇರೆ ಯಾವ ನಾಯಿಗೂ ಆ ವಿದ್ಯೆ ಇರಲಿಲ್ಲ.

ಆರು ವಾರದಿಂದ ಪಾರ್ಸಲ್ಲಿನ ವಾಸನೆಗೇ ಹಸಿದಿದ್ದ ಬಾಣ ಡಬ್ಬ ಕಂಡದ್ದೇ ತೋಳಿನಿಂದ ನೆಗೆಯಹೊರಟ. ಅವನು ಬೀಳಬಾರದೆಂದು ಮೇಷ್ಟ್ರು ಒದ್ದೆ ಬಟ್ಟೆ ಹಿಂಡಿದಂತೆ ತಮ್ಮ ಸೊಂಟವನ್ನೇ ತಿರುಚಿದರು. ಎಡಗಡೆ ಏನೋ ಲಟಕ್ಕೆಂದಿತು. ನಾಯಿ ಮಾತ್ರ ನೆಲ ಮುಟ್ಟಲಿಲ್ಲ.

ದರ್ಜಿ ಓಡಿಬಂದ. "ಏನದು ಸದ್ದು? ಅವನ ಕಾಲಾ?"

ಮೇಷ್ಟ್ರು ನಾಯಿಯ ನಾಲ್ಕೂ ಕಾಲು ಸವರಿ ನೋಡಿದರು. "ಇಲ್ಲ ಬಿಡಪ್ಪ, ಇವನದ್ದಲ್ಲ."

ಹಾಗಾದರೆ ಯಾರದ್ದು ಎಂದು ದರ್ಜಿಯೂ ಕೇಳಲಿಲ್ಲ, ಮೇಷ್ಟ್ರೂ ಕೇಳಿಕೊಳ್ಳಲಿಲ್ಲ.

ಸುದ್ದಿ ಮೆಟ್ಟಿಲು ಹತ್ತುವುದರಲ್ಲಿ ಮೇಷ್ಟ್ರಿಗಿಂತ ಚುರುಕು. ಎರಡನೇ ಮಹಡಿಯ ನಿವೃತ್ತ ನರ್ಸಮ್ಮ ಬಿಸಿನೀರಿನ ಚೀಲ ತಂದು ಬಾಣನ ಕಾಲಿಗೆ ಕಟ್ಟಿದರು. ಬಾಣ ಅದನ್ನು ಕಚ್ಚಿದ. ನೀರೆಲ್ಲ ಮೇಷ್ಟ್ರ ಹಾಸಿಗೆ ಕುಡಿಯಿತು. ತಪ್ಪಿತಸ್ಥನಂತೆ ಒದ್ದಾಡುತ್ತಿದ್ದ ದರ್ಜಿ ನಾಯಿ ಹೊರಲೆಂದು ಕೋಟಿನ ಬಟ್ಟೆಯಲ್ಲಿ ಜೋಲಿ ಹೊಲಿದು ತಂದ. ಅದನ್ನು ಹಾಕಿ ನೋಡಿದಾಗ ನಾಯಿ ಹೊರಗುಳಿದು ಮೇಷ್ಟ್ರ ಕತ್ತು ಒಳಗೆ ಸಿಕ್ಕಿಕೊಂಡಿತು. ಕತ್ತರಿಸಿ ಬಿಡಿಸಿದ ಮೇಷ್ಟ್ರ ಹೆಂಡತಿ, "ಆ ನಾಯಿ ಮೇಲಿರೋ ನಿಗಾದಲ್ಲಿ ಕಾಲುಭಾಗ ನಿಮ್ಮ ಮೇಲೆ ಇಟ್ಕೊಳ್ರೀ" ಎಂದಳು. ಮೇಷ್ಟ್ರು ನಕ್ಕಂತೆ ಮಾಡಿದರು. ನಕ್ಕರೂ ಸೊಂಟ ನೋಯುತ್ತಿತ್ತು.

ಮಧ್ಯಾಹ್ನ ಬಿಸ್ಕತ್ತಿನ ಫೋನು ಬಂತು. ಸದಾ ಜೇಬಿನಲ್ಲಿ ಬಿಸ್ಕತ್ತು ಇಟ್ಟುಕೊಂಡು ಎಲ್ಲ ನಾಯಿಗಳ ಪ್ರೀತಿ ಕದಿಯುವ ಸಹೋದ್ಯೋಗಿ ಅವನು. ಅವನ ನಾಯಿಗೆ ವಯಸ್ಸಾಗಿ, ತಿಂಗಳಿಂದ ಬರಿಗೈಯಲ್ಲಿದ್ದ. ಡಾಕ್ಟರಮ್ಮನನ್ನು ತಾನೇ ಕರೆತರುವುದಾಗಿ ಜೇನಿನಂಥ ದನಿಯಲ್ಲಿ ಹೇಳಿದ.

ನಾಲ್ಕು ಗಂಟೆಗೆ ಮೇಷ್ಟ್ರು ಧೈರ್ಯ ಮಾಡಿ ಮೂರನೇ ಮಹಡಿಯಲ್ಲೇ ಮನೆಮುಂದಿನ ಓಣಿಯಲ್ಲಿ ಬಾಣನನ್ನು ನಡೆಸಿದರು. ನಾಲ್ಕೇ ಹೆಜ್ಜೆ. ಬಾಣ ಕುಂಟಿದ. ಅದೂ ಎಡಗಾಲು.

"ಆಪರೇಷನ್ ಆಗಿದ್ದು ಬಲಗಾಲಿಗಲ್ವಾ ಮೇಷ್ಟ್ರೇ?" ನರ್ಸಮ್ಮ ಕನ್ನಡಕ ಸರಿಮಾಡಿಕೊಂಡರು.

"ಹೌದಮ್ಮ."

"ಹಾಗಾದ್ರೆ ನೋವು ಮನೆ ಬದಲಾಯಿಸಿದೆ. ನನ್ನ ಸರ್ವಿಸಲ್ಲಿ ಇಂಥದ್ದು ಎರಡು ಕೇಸ್ ನೋಡಿದೀನಿ. ಎರಡೂ ಉಳೀಲಿಲ್ಲ."

ಮೇಷ್ಟ್ರ ಜೀವ ಅಲ್ಲೇ ಅರ್ಧ ಹೋಯಿತು. ಇನ್ನೊಮ್ಮೆ ನಡೆಸಿದರು, ಕುಂಟು ಹೆಚ್ಚಿತು. ಮತ್ತೊಮ್ಮೆ, ಇನ್ನೂ ಹೆಚ್ಚಿತು. ಆ ಮೆಟ್ಟಿಲ ಮೇಲೆ ಇನ್ನೂ ಬಿಗಿಯಾಗಿ ಹಿಡಿಯಬೇಕಿತ್ತೇನೋ, ಎಲ್ಲ ತಮ್ಮದೇ ತಪ್ಪೇನೋ ಎಂದು ಗೋಡೆಗೊರಗಿ ಕಣ್ಣೊರೆಸಿಕೊಂಡರು. ಬಾಣ ಅವರ ಕೈ ನೆಕ್ಕಿ ಬಾಲ ಆಡಿಸಿದ.

ಐದಕ್ಕೆ ಸರಿಯಾಗಿ ಡಾಕ್ಟರಮ್ಮ ಬಂದರು, ಹಿಂದೆ ಬಿಸ್ಕತ್ತು. ಮೇಷ್ಟ್ರು ನೇಣಿಗೆ ನಡೆಯುವವರಂತೆ ನಾಯಿ ಹಿಡಿದು ನಡೆದರು. ಬಾಣ ಮನಸಾರೆ ಕುಂಟಿದ.

ಡಾಕ್ಟರಮ್ಮ ಕೂತು ಎರಡೂ ಕಾಲು ಒತ್ತಿ, ಎಳೆದು, ಮಡಚಿ ನೋಡಿದರು. ಆಮೇಲೆ ನಾಯಿಯ ಪಟ್ಟಿಯನ್ನು ಬಿಸ್ಕತ್ತಿಗೆ ಕೊಟ್ಟು, "ನೀವು ನಡೆಸಿ" ಅಂದರು.

ಬಾಣ ಎಣ್ಣೆ ಹಾಕಿದ ಚಕ್ರದಂತೆ ಆ ತುದಿಗೆ ಹೋಗಿ ಈ ತುದಿಗೆ ಬಂದ. ಕುಂಟಿನ ಸುಳಿವೇ ಇಲ್ಲ.

"ಮೇಷ್ಟ್ರೇ, ಈಗ ನಾಯಿ ಬೇಡ. ನೀವೊಬ್ರೇ ನಡೀರಿ."

ಮೇಷ್ಟ್ರು ನಡೆದರು. ಓಣಿಯಲ್ಲಿದ್ದವರ ಕಣ್ಣುಗಳೆಲ್ಲ ಮೆಲ್ಲಗೆ ಅವರ ಎಡಗಾಲಿಗೆ ಇಳಿದವು.

"ಪಾಪ, ನೀವು ಕಲಿಸಿದ್ದನ್ನೇ ಮಾಡ್ತಿದೆ" ಅಂದರು ಡಾಕ್ಟರಮ್ಮ. "ನಾಯಿ ನಾಳೆಯಿಂದ ಡ್ಯೂಟಿಗೆ ಬರಬಹುದು. ನಿಮ್ಮ ಬಗ್ಗೆ ನಾನು ಬರೆಯೋ ಹಾಗಿಲ್ಲ."

ಆ ಕೊರತೆಯನ್ನು ನರ್ಸಮ್ಮ ತುಂಬಿದರು. ಸೊಂಟ ಒತ್ತಿ ನೋಡಿ, ನಾಳೆಯೇ ಆಸ್ಪತ್ರೆ, ಕಡಿಮೆಯೆಂದರೂ ಆರು ವಾರ ಹಾಸಿಗೆ ಎಂದು ತೀರ್ಪಿತ್ತರು. ಗೋಡೆಗೆ ಅಂಟಿಸಿದ್ದ ಡಾಕ್ಟರಮ್ಮನ ಹಳೆಯ ಚೀಟಿಯಲ್ಲಿ ಹೆಂಡತಿ ಬಾಣನ ಹೆಸರು ಹೊಡೆದುಹಾಕಿ ಗಂಡನ ಹೆಸರು ಬರೆದಳು. ಉಳಿದದ್ದೇನೂ ತಿದ್ದಬೇಕಿರಲಿಲ್ಲ.

ಬೆಳಗಿನ ಪಾಳಿಗೆ ಬೇಕೆಂದು ಬಿಸ್ಕತ್ತು ಆಗಲೇ ಬಾಣನನ್ನು ಕರೆದುಕೊಂಡು ಹೊರಟ. ಒದ್ದೆ ಹಾಸಿಗೆಯಲ್ಲಿ ಮಲಗಿದ್ದ ಮೇಷ್ಟ್ರು ಮೆಟ್ಟಿಲಿಳಿಯುವ ಸದ್ದಿಗೆ ಕಿವಿಗೊಟ್ಟರು. ಎಲ್ಲಾದರೂ ಒಂದು ಕಡೆ ನಾಯಿ ನಿಲ್ಲಬಹುದು, ತಿರುಗಬಹುದು, ಕೊನೆಗೆ ಒಂದು ಹೆಜ್ಜೆಯಾದರೂ ತಪ್ಪಬಹುದು ಎಂದು ಕಾದರು.

ಮೂರು ಮಹಡಿಯ ಉದ್ದಕ್ಕೂ ಒಂದೂ ತಪ್ಪಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದರು.