ಚಿಕ್ಕಪ್ಪ ಅಂಗಿ ಮುಟ್ಟಿದರೆ

ನಮ್ಮ ಚಿಕ್ಕಪ್ಪ ನಿಮ್ಮ ಅಂಗಿಯನ್ನು ಹೊಗಳಿದರೆ ನೆಟ್ಟಗೆ ಮನೆಗೆ ಹೋಗಿ, ಹೆಂಡತಿ ಮಕ್ಕಳಿಗೆ ಹೇಳುವುದನ್ನೆಲ್ಲ ಹೇಳಿ ಮಲಗಿಬಿಡುವುದು ಒಳ್ಳೆಯದು. ಇದು ನನ್ನ ಮಾತಲ್ಲ, ಆಗ ಇಡೀ ಹಿರಿಯೂರಿನ ಮಾತು. ಚಿಕ್ಕಪ್ಪ ಬಬ್ಬೂರು ಫಾರಂನ ಹತ್ತಿ ಹೊಲದಲ್ಲಿ ಕೆಲಸ ಮಾಡಿ ಮಾಡಿ ಬೆರಳಲ್ಲೇ ನೂಲಿನ ಜಾತಕ ಹೇಳುತ್ತಿದ್ದರು. ಎದುರಿಗೆ ಸಿಕ್ಕವರ ಅಂಗಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ ಉಜ್ಜಿ, ಕಣ್ಣು ಅರೆಮುಚ್ಚಿ, "ಚೆನ್ನಾಗಿ ಪಳಗೈತೆ" ಅನ್ನುವರು. ಅಂಗಿಯೊಳಗಿದ್ದವನು ಅಲ್ಲೇ ಬೆವರುತ್ತಿದ್ದ. ಆ ಬೆರಳುಗಳಿಂದ ನಮ್ಮ ಅವ್ವನ ಸೀರೆಯೊಂದನ್ನು ಕಾಯುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂತು. ಅದನ್ನು ಹೇಳಲಿಕ್ಕೇ ಇಷ್ಟೆಲ್ಲ ಪೀಠಿಕೆ.

ಎಲ್ಲಕ್ಕೂ ಮೂಲ ಅವರ ಮಗಳು ಪುಟ್ಟಿ. ಹುಟ್ಟಿದ ಕೂಸಿಗೆ ಮೊದಲು ಹಳೆ ಬಟ್ಟೆಯನ್ನೇ ಸುತ್ತಬೇಕು, ಅದೂ ತುಂಬು ಬಾಳು ಬಾಳಿದವರದ್ದಾಗಿರಬೇಕು ಅನ್ನುವುದು ನಮ್ಮ ಕಡೆಯ ರೂಢಿ. ಹೆಸರಿಡುವ ದಿನದಿಂದ ಹೊಸ ಬಟ್ಟೆ. ಎಪ್ಪತ್ತರ ದಶಕದ ಆ ದಿನಗಳಲ್ಲಿ ಹೊಸ ಬಟ್ಟೆ ಅಂದರೆ ನೈಲಾನ್ ತಾನೆ? ಯಾರೋ ನೆಂಟರು ಗುಲಾಬಿ ಬಣ್ಣದ ನೈಲಾನ್ ಫ್ರಾಕು ತಂದು ತೊಡಿಸಿದರು. ಸಂಜೆಯೊಳಗೆ ಕೂಸಿನ ಮೈಯೆಲ್ಲ ದದ್ದು, ಮೂರು ದಿನ ಜ್ವರ. ಕೂಸಿನ ತಲೆದೆಸೆಯಲ್ಲಿ ಕೂತಿದ್ದ ಚಿಕ್ಕಪ್ಪ ಆ ಫ್ರಾಕನ್ನು ಒಬ್ಬ ಅಪರಾಧಿಯನ್ನು ನೋಡುವ ಹಾಗೆ ನೋಡುತ್ತಿದ್ದರು.

ಬೇರೆಯವರಾಗಿದ್ದರೆ ಅದನ್ನು ಎಸೆದು ಸುಮ್ಮನಾಗುತ್ತಿದ್ದರು. ಇವರು ಅದನ್ನು ಮನೆಯ ಹಿಂದಿನ ತಿಪ್ಪೆಯಲ್ಲಿ ಹೂತರು, ಪಕ್ಕದಲ್ಲೇ ಒಂದು ಹಳೆ ಪಂಚೆಯ ತುಂಡನ್ನೂ ಹೂತರು. ಮಳೆಗಾಲ ಕಳೆದ ಮೇಲೆ ಒಂದು ಮುಂಜಾನೆ ಗುದ್ದಲಿ ಹಿಡಿದು ಅಗೆದರು. ಪಂಚೆ ಎಲ್ಲಿದೆ? ಮಣ್ಣಾಗಿತ್ತು. ಗುಲಾಬಿ ಫ್ರಾಕು ಮಾತ್ರ ಗುಂಡಿ, ಲೇಸು ಸಮೇತ, ಒಳಗೆ ಕೂಸು ಇದೆಯೇನೋ ಅನ್ನುವ ಹಾಗೆ ಮಣ್ಣು ತುಂಬಿಕೊಂಡು ಉಬ್ಬಿ ಮೇಲೆದ್ದು ಬಂತು. ಅದೇ ಹೊತ್ತಿಗೆ ಸಗಣಿ ಹಾಕಲು ಬಂದ ಪಕ್ಕದ ಮನೆಯ ಗಂಗಮ್ಮ ನೋಡಿದಳು. ಬೆಳ್ಳಂಬೆಳಗ್ಗೆ ಒಬ್ಬ ಗಂಡಸು ನೆಲದೊಳಗಿಂದ ಕೂಸಿನ ಫ್ರಾಕು ತೆಗೆಯುತ್ತಿದ್ದಾನೆ! ಪುಟ್ಟಿಯ ಅಳು ಮನೆಯೊಳಗಿಂದ ಕೇಳದೆ ಹೋಗಿದ್ದರೆ ಆವತ್ತು ಪೊಲೀಸರೇ ಬರುತ್ತಿದ್ದರು.

"ಏನ್ರೀ ಅದು, ದೆವ್ವ ಗಿವ್ವ?" ಅಂದಳಂತೆ ಗಂಗಮ್ಮ, ಬುಟ್ಟಿ ಬಿಟ್ಟು.

"ದೆವ್ವಾನೇ ಕಣವ್ವ. ಸತ್ತ ಮೇಲೂ ಹೋಗದೆ ಇರೋದಕ್ಕೇ ತಾನೆ ದೆವ್ವ ಅನ್ನಾದು? ಸಾಯದೆ ಇರೋದನ್ನ ನನ್ನ ಮಗಿಗೆ ಹೆಂಗೆ ಹಾಕ್ಲಿ ಹೇಳು."

ಅಲ್ಲಿಂದ ಮಗಳಿಗೆ ಪಳಗಿದ ನೂಲು ಬಟ್ಟೆ ಬಿಟ್ಟು ಬೇರೇನೂ ಇಲ್ಲ ಎಂದು ತೀರ್ಮಾನವಾಯಿತು. ಅಷ್ಟು ಹಳೆ ನೂಲು ಬಟ್ಟೆಗೆ ಎಲ್ಲಿಗೆ ಹೋಗುವುದು? ಬದುಕಿದ್ದವರು ತಮ್ಮ ಬಟ್ಟೆಯನ್ನು ತಾವೇ ಉಡುತ್ತಿರುತ್ತಾರೆ. ಸತ್ತವರ ಬಟ್ಟೆಯನ್ನೋ, ಸ್ಮಶಾನದ ಬೇಲಿಯ ಮೇಲೆ ಎಸೆದು ಹಿಂತಿರುಗಿ ನೋಡದೆ ಬಂದುಬಿಡುತ್ತಾರೆ. ಚಿಕ್ಕಪ್ಪ ಸಾವಿನ ಮನೆಗಳಿಗೆ ಹೋಗಿ, ಎಲ್ಲರ ಜೊತೆ ನಾಲ್ಕು ಹನಿ ಕಣ್ಣೀರು ಹಾಕಿ, ಕೊನೆಗೆ ಮೆಲ್ಲಗೆ ಕೇಳತೊಡಗಿದರು. "ಸತ್ತಿದ್ದು ಮನುಷ್ಯ, ಅಂಗಿ ಅಲ್ಲ. ಬಿಸಿಲು, ನೀರು, ಆರು ತಿಂಗಳು ಕುಡಿದು ಬೆಳೆದ ಹತ್ತಿ ಅದು. ಬೇಲಿ ಮ್ಯಾಲೆ ಒಣಗಾಕೆ ಅದೇನು ಪಾಪ ಮಾಡಿತ್ತು?" ತಂದದ್ದನ್ನು ಬೂದಿ ನೀರಲ್ಲಿ ಕುದಿಸಿ, ಅಂಟುವಾಳದ ನೊರೆಯಲ್ಲಿ ಒಗೆದು, ಏಳು ಬಿಸಿಲು ಕಾಣಿಸಿ, ತಾವೇ ಕೈಹೊಲಿಗೆಯಲ್ಲಿ ಫ್ರಾಕು ಹೊಲಿಯುತ್ತಿದ್ದರು.

ಫ್ರಾಕುಗಳೇನೋ ಹೂವಿನಷ್ಟು ಮೆತ್ತಗಿದ್ದವು, ಸುಳ್ಳು ಹೇಳಬಾರದು. ಆದರೆ ಪುಟ್ಟಿಗೆ ಮಾತು ಬಂದ ಮೇಲೆ ಆ ಮನೆಗೆ ಹೋಗಲಿಕ್ಕೆ ನನಗೆ ಧೈರ್ಯ ಸಾಲುತ್ತಿರಲಿಲ್ಲ. ಒಂದು ಬೆಳಗ್ಗೆ ಹೋದಾಗ ನಾಲ್ಕು ವರ್ಷದ ಆ ಹುಡುಗಿ ಚಿಕ್ಕಮ್ಮನ ಮುಂದೆ ಹಟ ಹಿಡಿದಿತ್ತು.

"ನಾನಿವತ್ತು ತುರುವನೂರಜ್ಜೀನ ಹಾಕ್ಕಂತೀನಿ."

"ತುರುವನೂರಜ್ಜಿ ಇನ್ನೂ ಒಣಗಿಲ್ಲ ಕಣೆ, ಹಗ್ಗದ ಮ್ಯಾಲೆ ಅವ್ಳೆ. ಪೋಸ್ಟ್ ಮಾಸ್ಟ್ರುನ್ನ ಹಾಕ್ಕ," ಅಂದರು ಚಿಕ್ಕಮ್ಮ, ಒಲೆಯ ಕಡೆಯಿಂದ ತಿರುಗದೆ.

"ಪೋಸ್ಟ್ ಮಾಸ್ಟ್ರು ಕಂಕುಳಲ್ಲಿ ಹರಿದವ್ರೆ."

ನಾನು ಹಿತ್ತಲ ಕಡೆ ನೋಡಿದೆ. ಗಾಳಿ ಇರಲಿಲ್ಲ. ತುರುವನೂರಜ್ಜಿ ಒಬ್ಬಳೇ ಹಗ್ಗದ ಮೇಲೆ ಮೆಲ್ಲಗೆ ತೂಗಾಡುತ್ತಿದ್ದಳು. ಕಾಫಿ ಕುಡಿಯದೆ ಎದ್ದು ಬಂದೆ.

ಅಕ್ಕಿ ಗಿರಣಿಯ ಯಜಮಾನರ ಅಂಗಿಯದ್ದು ಇನ್ನೂ ವಿಚಿತ್ರ ಕತೆ. ಅವರು ತೀರಿಕೊಂಡಾಗ ಪುಟ್ಟಿ ತೊಟ್ಟಿಲಲ್ಲಿತ್ತು, ಅವರನ್ನು ಕಂಡದ್ದೇ ಇಲ್ಲ. ಅವರ ಬಿಳಿ ಅಂಗಿಯಿಂದ ಹೊಲಿದ ಫ್ರಾಕು ತೊಟ್ಟು ಒಂದು ಮಧ್ಯಾಹ್ನ ಅದು ಗಿರಣಿಯ ಬಾಗಿಲಲ್ಲಿ ಹೋಗಿ ನಿಂತಿತು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮೂಟೆಗಳನ್ನು ಒಂದು ಸಲ ನೋಡಿ, ಲೊಚ್ ಎಂದು ನಾಲಗೆ ಹೊಡೆಯಿತು. ಯಜಮಾನರು ದಿನಾ ಹೊಡೆಯುತ್ತಿದ್ದದ್ದು ಅದೇ ಲೊಚ್. ನೆರಳಲ್ಲಿ ಕೂತಿದ್ದ ನಾಲ್ಕೂ ಜನ ಹಮಾಲರು ಬೀಡಿ ಆರಿಸಿ ಎದ್ದು ನಿಂತರು. ಒಬ್ಬ ಮುದುಕ ಪೇಟವನ್ನೂ ಸರಿಮಾಡಿಕೊಂಡ. ಯಾರು ಕಲಿಸಿದರೆಂದು ಕೇಳಿದರೆ ಹುಡುಗಿ, "ಅಂಗಿ," ಅಂದಿತು.

ಇದಾದ ಮೇಲೆ ಊರು ಹಿಂದಿನದ್ದನ್ನೆಲ್ಲ ಲೆಕ್ಕ ಹಾಕಿತು. ಗಿರಣಿ ಯಜಮಾನರ ಅಂಗಿಯನ್ನು ಚಿಕ್ಕಪ್ಪ ಬಸ್ ಸ್ಟ್ಯಾಂಡಿನಲ್ಲಿ ಹೊಗಳಿದ್ದರು, ಹತ್ತು ದಿನಕ್ಕೆ ಯಜಮಾನರು ಹೋದರು. ಅವರಿಗೆ ಎಂಬತ್ತು ದಾಟಿತ್ತು ಅನ್ನುವುದನ್ನು ಯಾರು ಕೇಳುತ್ತಾರೆ? ಪೋಸ್ಟ್ ಮಾಸ್ಟರದ್ದೂ ಹಾಗೇ ಆಗಿತ್ತು. ಚಿಕ್ಕಪ್ಪ ಬೀದಿಗಿಳಿದರೆ ಜನ ಅಂಗಿ ಮುದುರಿಕೊಂಡು ಗೋಡೆಗೆ ಒತ್ತಿಕೊಳ್ಳತೊಡಗಿದರು. ಕೃತಕ ನೂಲನ್ನು ಅವರು ಮುಟ್ಟುವುದಿಲ್ಲವೆಂದು ಗೊತ್ತಾದ ಮೇಲೆ ಜೀವದಾಸೆ ಇದ್ದವರೆಲ್ಲ ಟೆರಿಲಿನ್ ಹೊಲಿಸಿಕೊಂಡರು. ನಮ್ಮೂರಲ್ಲಿ ಟೆರಿಲಿನ್ ವ್ಯಾಪಾರ ಕುದುರಿದ್ದು ಅದರ ಕಡುವೈರಿಯಿಂದ.

ಚಿಕ್ಕಪ್ಪ ಮಾತ್ರ ನಗುತ್ತಿದ್ದರು. "ಲೇ, ನನ್ನ ಬೆರಳಿಗೆ ಅಷ್ಟು ಶಕ್ತಿ ಇದ್ದಿದ್ರೆ ಫಾರಂನಾಗೆ ಕಾಯಿಕೊರಕ ಹುಳಾನ ಮುಟ್ಟಿ ಮುಟ್ಟಿ ಸಾಯಿಸ್ತಿದ್ದೆ. ಔಷಧಿ ಯಾಕೆ ಹೊಡೀತಿದ್ರು?"

ನಾನೂ ಜೊತೆಗೆ ನಕ್ಕವನೇ. ಅವ್ವ ಹಾಸಿಗೆ ಹಿಡಿಯುವ ತನಕ.

ಅವ್ವನಿಗೆ ಎದೆ ನೋವು ಬಂದು, ಡಾಕ್ಟರು ಏಳಬಾರದು ಅಂದಾಗ ನನ್ನ ಹೆಂಡತಿಗೆ ಏಳು ತಿಂಗಳು. ಅವ್ವನ ಮೈಮೇಲೆ ಸದಾ ಒಂದು ನೀಲಿ ಚೌಕಳಿಯ ನೂಲಿನ ಸೀರೆ. ಚಿಕ್ಕಪ್ಪ ದಿನಾ ಸಂಜೆ ಫಾರಂನಿಂದ ಸೀದಾ ನಮ್ಮ ಮನೆಗೇ ಬರುತ್ತಿದ್ದರು. ಐದು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡ ಅವರನ್ನು ಸಾಕಿದ್ದು ನಮ್ಮ ಅವ್ವ. ಅದೆಲ್ಲ ನನಗೆ ಗೊತ್ತಿತ್ತು. ಆದರೂ ಅವರ ನೆರಳು ಬಾಗಿಲಲ್ಲಿ ಬಿದ್ದ ಕೂಡಲೇ ನನ್ನ ಕಣ್ಣು ಅವರ ಬೆರಳ ಮೇಲೆ. ಓದಿಕೊಂಡವನು ನಾನು, ಹೇಳಿಕೊಳ್ಳಲು ನಾಚಿಕೆ. ಅವ್ವನಿಗೊಂದು ನೈಲಾನ್ ಸೀರೆ ತಂದು ಉಡಿಸಿದೆ.

"ತೆಗಿಯಪ್ಪ ಇದನ್ನ. ಹಾವಿನ ಪೊರೆ ಮೈಗೆ ಸುತ್ತಿಕೊಂಡಂಗೈತೆ," ಅಂದಳು ಅವ್ವ. ಮಾರನೆಯ ದಿನ ಮತ್ತೆ ನೀಲಿ ಚೌಕಳಿ. ನಾನು ಮಂಚಕ್ಕೂ ಚಿಕ್ಕಪ್ಪನ ಮಣೆಗೂ ನಡುವೆ ಕುಕ್ಕರಿಸಿದೆ.

ಚಿಕ್ಕಪ್ಪನ ಕೂರುವ ಭಂಗಿಯೂ ವಿಚಿತ್ರವಾಗಿತ್ತು. ಎರಡೂ ಅಂಗೈಗಳನ್ನು ತೊಡೆಯ ಅಡಿಗೆ ಹಾಕಿಕೊಂಡು, ಅದರ ಮೇಲೆ ಭಾರ ಬಿಟ್ಟು ಕೂರುವರು. ಕಾಫಿ ಕೊಟ್ಟರೆ ಬೇಡ. ಕಾಫಿ ಬೇಡವೆಂದ ಚಿಕ್ಕಪ್ಪನನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಬೆರಳು ತುರಿಸುತ್ತಿವೆ, ಹೇಗೋ ತಡೆದುಕೊಂಡಿದ್ದಾರೆ, ನಾನು ಎದ್ದ ತಕ್ಷಣ ಕೈ ಹೊರಬರುತ್ತದೆ ಎಂದು ನನ್ನ ಗುಮಾನಿ.

ಒಂದು ಸಂಜೆ ಅವ್ವನೇ ಕರೆದಳು. "ಇಲ್ಲಿ ಬಾರಪ್ಪ. ಕೈ ಯಾಕೆ ಹಂಗೆ ಬಚ್ಚಿಟ್ಕಂಡು ಕುಂತೀಯ? ಈಚೆಗೆ ತೆಗಿ."

ಚಿಕ್ಕಪ್ಪ ತೆಗೆಯಲಿಲ್ಲ. ತಲೆ ತಗ್ಗಿಸಿದರು. "ಬ್ಯಾಡ ಅತ್ತಿಗೆಮ್ಮ. ಊರಾಗೆ ಏನೇನೋ ಅಂತಾರೆ. ನನಗೇನು ನಂಬಿಕೆ ಇಲ್ಲ. ಆದ್ರೂ ನಿನ್ನ ವಿಷಯದಾಗೆ ಬ್ಯಾಡ."

ಅವ್ವ ನಕ್ಕಳು. ಅವರ ಬಲಗೈಯನ್ನು ತಾನೇ ಎಳೆದುಕೊಂಡು, ಸೀರೆಯ ಸೆರಗನ್ನು ಬೆರಳಿಗೆ ಕೊಟ್ಟಳು. ನಾನು ಏಳುವಷ್ಟರಲ್ಲಿ ಅದೆಲ್ಲ ಆಗಿಹೋಗಿತ್ತು.

"ಸೊಸೆಗೆ ದಿನ ತುಂಬ್ತಾ ಐತೆ. ಕೂಸಿಗೆ ಮೊದಲು ಸುತ್ತಾಕೆ ಇದೇ ಇರ್ಲಿ. ಹೊಲಿಯಾನು ನೀನೇ ಅಲ್ವ? ಮುಟ್ಟಿ ನೋಡಿ ಹೇಳು, ಪಳಗೈತಾ?"

ಚಿಕ್ಕಪ್ಪ ಸೆರಗನ್ನು ಎರಡು ಬೆರಳಲ್ಲಿ ಹಿಡಿದರು. ಅವರು ಕಣ್ಣನ್ನು ಈ ಸಲ ಪೂರ್ತಿ ಮುಚ್ಚಿದರು. ಎಷ್ಟೋ ಹೊತ್ತು ಉಜ್ಜಿದರು.

"ಚೆನ್ನಾಗಿಲ್ಲ ಅತ್ತಿಗೆಮ್ಮ," ಅಂದರು. "ಬಲು ಒರಟು. ಕೂಸಿನ ಮೈಗೆ ಚುಚ್ತೈತೆ. ಇದು ಮೆತ್ತಗಾಗಬೇಕು ಅಂದ್ರೆ ನೀನಿನ್ನೂ ಒಂದತ್ತು ವರ್ಷ ಉಡಬೇಕು."

ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಅವ್ವ ಉಟ್ಟು ಒಗೆದ ಸೀರೆ ಅದು. ಒಣಹಾಕಿದರೆ ಆಚೆ ಬದಿಯ ಬೇವಿನ ಮರದ ಎಲೆಗಳು ಒಂದೊಂದೂ ಕಾಣುತ್ತಿದ್ದವು. ಹತ್ತಿಯ ವಿಷಯದಲ್ಲಿ ನಮ್ಮ ಚಿಕ್ಕಪ್ಪ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.