ಕೈ ತೊಳೆದ ನೀರು

ಸತ್ಯನಾರಾಯಣಪೇಟೆಯ ಆ ಬಾಡಿಗೆ ಮನೆಯಲ್ಲಿ ಒಂದು ಕೊಡ ನೀರಿಗೆ ಮೂರು ಜನ್ಮ. ಮೊದಲು ಕಾಯಿಪಲ್ಯ ತೊಳೆಯಬೇಕು, ಅದರಲ್ಲೇ ಪಾತ್ರೆ ಬೆಳಗಬೇಕು, ಉಳಿದದ್ದು ಹೀರೆ ಬಳ್ಳಿಗೆ. ಇದು ಹಂಪಮ್ಮನ ಕಾನೂನು. ಆಕೆಯ ಗಂಡ ಚಿದಾನಂದಪ್ಪ (ಕುರುಗೋಡು ಕಡೆಯ ತನ್ನ ಹಳ್ಳಿಗೆ ಮೊದಲ ಬಿ.ಎ.) ಈ ಕಾನೂನನ್ನು ಕಚೇರಿಗೂ ಹೊತ್ತೊಯ್ದದ್ದೇ ತಪ್ಪಾಯಿತು.

ಅದು ೧೯೪೯ರ ಏಪ್ರಿಲ್. ಬಳ್ಳಾರಿಯ ರೇಷನ್ ಕಚೇರಿಯಲ್ಲಿ ಅವನು ಹಂಗಾಮಿ ಗುಮಾಸ್ತ. ಯಾರನ್ನು ಖಾಯಂ ಮಾಡುವುದು, ಯಾರನ್ನು ಮನೆಗೆ ಕಳಿಸುವುದು ಎಂದು ತೀರ್ಮಾನಿಸಲು ಹೊಸ ಸಾಹೇಬರು ತಿಪ್ಪೇರುದ್ರಪ್ಪನವರು ಸೋಮವಾರ ಬರುವವರಿದ್ದರು. ಅವರ ಕೋಣೆಯ ಕಿಟಕಿಗೆ ಲಾವಂಚದ ತಡಿಕೆ ಕಟ್ಟಿತ್ತು. ಬಿಸಿಗಾಳಿ ತಂಪಾಗಿ ಬರಲೆಂದು ಜವಾನ ಹುಲುಗಪ್ಪ ಅದಕ್ಕೆ ದಿನವೂ ಎಂಟು ಕೊಡ ನೀರು ಎರಚುತ್ತಿದ್ದ. ಕುಡಿಯಲು ನೀರಿಗೆ ಪರದಾಡುವ ಊರಿನಲ್ಲಿ ಕಿಟಕಿಗೆ ನಿತ್ಯ ಅಭ್ಯಂಜನ.

ಚಿದಾನಂದಪ್ಪ ಜಲಸಂರಕ್ಷಣಾ ಮಹಾಯಜ್ಞ ಆರಂಭಿಸಿದ. ಗುರುವಾರದಿಂದ ಹನ್ನೆರಡು ಮಂದಿ ಗುಮಾಸ್ತರೂ ಊಟದ ಮೇಲೆ ಕೈ, ಬುತ್ತಿಡಬ್ಬಿ ಎಲ್ಲವನ್ನೂ ಒಂದೇ ಪೀಪಾಯಿಯ ಮೇಲೆ ಹಿಡಿದು ತೊಳೆದರು. ಸೋಮವಾರಕ್ಕೆ ಪೀಪಾಯಿ ತುಂಬಿತು; ಇನ್ನು ತಡಿಕೆಗೆ ಇದೇ ನೀರು.

"ಸಾಹೇಬ್ರು ಏನಂತಾರೋ ಏನೋ ರೀ," ಎಂದ ಹುಲುಗಪ್ಪ.

"ಮೆಚ್ಚಿಕೊಂತಾರ. ನೀ ಎರಚು."

ಮಧ್ಯಾಹ್ನ ಎರಡಕ್ಕೆ ಸಾಹೇಬರು ಖಾಯಂ ಪಟ್ಟಿ ಹಿಡಿದು ಕೂತರು. ಗಾಳಿ ಬೀಸಿತು. ಲಾವಂಚ ತನ್ನ ಕುಲಗೋತ್ರ ಮರೆತು, ಬೆಳ್ಳುಳ್ಳಿ ಖಾರ, ಗುರೆಳ್ಳು ಚಟ್ನಿ, ನಾಲ್ಕು ದಿನದ ಹುಳಿ ಮಜ್ಜಿಗೆ ಎಲ್ಲವನ್ನೂ ಒಟ್ಟಿಗೆ ಒಳಗೆ ಕಳಿಸಿತು. ಸಾಹೇಬರ ಪೆನ್ನು ಸರಿಯಾಗಿ ಚಿದಾನಂದಪ್ಪನ ಹೆಸರಿನ ಹತ್ತಿರ ನಿಂತಿತು.

"ಇಲ್ಲಿ ಯಾರು ಉಣ್ಣಾಕ ಹತ್ಯಾರ?"

"ಯಾರೂ ಇಲ್ರೀ," ಎಂದ ಬಾಗಿಲಲ್ಲಿ ನಿಂತಿದ್ದ ಹುಲುಗಪ್ಪ.

ಸಾಹೇಬರು ಮೇಜಿನ ಕೆಳಗೆ ಬಗ್ಗಿ ನೋಡಿದರು. ಬೀರು ತೆಗೆಸಿದರು. ಕೊನೆಗೆ ತಡಿಕೆಗೆ ಮೂಗು ಹಚ್ಚಿ, ಹಚ್ಚಿದಷ್ಟೇ ಬೇಗ ಹಿಂದೆ ತೆಗೆದು, ಹುಲುಗಪ್ಪನ ಕಡೆ ತಿರುಗಿದರು. ಹುಲುಗಪ್ಪ ಕಡತ ಹಿಡಿದು ನಿಂತಿದ್ದ ಚಿದಾನಂದಪ್ಪನನ್ನು ನೋಡಿದ. ಚಿದಾನಂದಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಆ ಬಡವನ ಕೆಲಸ ಹೋಗುತ್ತಿತ್ತು, ತೆರೆದರೆ ತನ್ನದು.

"ನೀರು ಉಳಿಸಾಕ ಕೈ ತೊಳೆದ ನೀರು ನಾನ ಎರಚಿಸಿದ್ದು ರೀ. ಅವನ್ದೇನೂ ತಪ್ಪಿಲ್ಲ."

"ಎಷ್ಟು ಓದೀರಿ?"

"ಬಿ.ಎ. ರೀ."

"ಕಾಣತೈತಿ."

ಸಾಹೇಬರು ಪೆನ್ನು ಮತ್ತೆ ಎತ್ತಿಕೊಂಡರು. ಚಿದಾನಂದಪ್ಪ ಮನಸ್ಸಿನಲ್ಲೇ ಹಾಸಿಗೆ ಸುತ್ತಿ, ಹೆಂಡತಿಯನ್ನು ಕರೆದುಕೊಂಡು ಊರಿನ ದಾರಿ ಹಿಡಿದಾಗಿತ್ತು.

"ಬುದ್ಧಿ ಕಡಿಮಿ ಇದ್ರೂ ಸುಳ್ಳು ಹೇಳೋ ಮನುಷ್ಯ ಅಲ್ಲ," ಎಂದು ಸಾಹೇಬರು ರುಜು ಹಾಕಿದರು. ಅವನು ಕೈ ಮುಗಿಯುವಷ್ಟರಲ್ಲಿ ಮುಂದುವರಿಸಿದರು: "ಈ ತಡಿಕಿ ಕಿತ್ತು ಒಗೀರಿ. ಹೊಸಾದು ಬರೋತನಕ ನನಗ ಗಾಳಿ ಬೇಕಲ್ಲ? ಹುಲುಗಪ್ಪ, ಆ ಬೀಸಣಿಕಿ ಇವರ ಕೈಗೆ ಕೊಡು. ಅದಕ್ಕ ನೀರು ಬೇಕಾಗಂಗಿಲ್ಲ."

ಸಂಜೆ ಮನೆಗೆ ಬಂದ ಖಾಯಂ ಗುಮಾಸ್ತನಿಗೆ ಬಲಗೈ ಎತ್ತಲು ಬರಲಿಲ್ಲ. ಹಂಪಮ್ಮ ರೊಟ್ಟಿ ಮುರಿದು ತುತ್ತು ಮಾಡುತ್ತ, ಗೋಡೆಯಾಚೆಯ ಪಾರಮ್ಮನಿಗೆ ಕೇಳುವಂತೆ ಹೇಳಿದಳು:

"ನಮ್ಮನಿಯವ್ರ ನೌಕರಿ ಖಾಯಂ ಆತಬೇ. ಮೊದಲ್ನೇ ದಿನಾನ ಎಷ್ಟು ಬರಸ್ಯಾರ ನೋಡು, ಕೈ ಬಾತು ಹೋಗೈತಿ."

ಚಿದಾನಂದಪ್ಪ ತುತ್ತಿಗೆ ಮಾತ್ರ ಬಾಯಿ ತೆರೆದ.