ಸರಾಸರಿ ಹದಿನಾರು

ಬೆಳಿಗ್ಗೆ ಮೇಲಿನ ಕಚೇರಿಯಿಂದ ಶಾಲೆಗೆ ಬಂದದ್ದು ಒಂದೇ ಒಂದು ಹಾಳೆ. ಅದರಲ್ಲಿ ಹದಿನೆಂಟು ದೇಶಗಳ ಪಟ್ಟಿ. ಎದುರಿಗೆ ತರಗತಿಗೆ ಸರಾಸರಿ ಎಷ್ಟು ಮಕ್ಕಳೆಂಬ ಲೆಕ್ಕ: ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತನಾಲ್ಕು. ಕೊನೆಯ ಖಾಲಿ ಜಾಗದಲ್ಲಿ ಶಾಲೆಯ ಸರಾಸರಿ ತುಂಬಬೇಕು. ಮಧ್ಯಾಹ್ನ ತಪಾಸಣೆಯ ಸಾಹೇಬರು ಬಂದು ಒಯ್ಯುತ್ತಾರೆ.

ಅದನ್ನು ತುಂಬಬೇಕಾದ ಗಣಿತದ ಮೇಷ್ಟ್ರಿಗೆ ಖುಷಿಯೋ ಖುಷಿ. ಅವರ ಕೋಣೆಯಲ್ಲಿ ಅರವತ್ತನಾಲ್ಕು ಮಕ್ಕಳು. ಬೆಂಚಿಗೆ ಐವರು; ಒಬ್ಬ ಸೀನಿದರೆ ಐವರ ಅಕ್ಷರವೂ ಸೊಟ್ಟ. ತರಗತಿ ಒಡೆಯಿರಿ, ಇನ್ನೊಬ್ಬ ಮೇಷ್ಟ್ರನ್ನು ಕೊಡಿ ಎಂದು ಮೂರು ವರ್ಷದಿಂದ ಅರ್ಜಿ ಬರೆದು ಕೈ ಸೋತಿತ್ತು. ಈಗ ಸತ್ಯ ತಾನಾಗಿಯೇ ಮೇಲೆ ಹೋಗುತ್ತದೆಂದು ‘ಅರವತ್ತನಾಲ್ಕು’ ಎಂದು ಬರೆದರು.

“ಶಾಲೆ ಮಾನ ಹರಾಜು ಹಾಕ್ತೀರೇನ್ರಿ?” ಹೆಡ್‌ಮಾಸ್ಟರು ಹಾಳೆ ಕಿತ್ತುಕೊಂಡರು.

ಗುಮಾಸ್ತ ಮೂಗು ತೂರಿಸಿದ. “ಮುನ್ನೂರಿಪ್ಪತ್ತು ಮಕ್ಕಳನ್ನ ಐದು ತರಗತಿಯಿಂದ ಯಾಕೆ ಭಾಗಿಸ್ತೀರಿ? ಕೋಣೆಗಳಿಂದ ಭಾಗಿಸಿ. ಉಗ್ರಾಣ, ಸೈಕಲ್ ಶೆಡ್ಡು, ಬಚ್ಚಲು ಎಲ್ಲಾ ಸೇರಿ ಇಪ್ಪತ್ತು. ಹದಿನಾರು ಬರುತ್ತೆ. ಯಾವ ದೇಶದಲ್ಲೂ ಇಲ್ಲ!”

“ಬಚ್ಚಲಲ್ಲಿ ಪಾಠ ಯಾರಯ್ಯಾ ಮಾಡೋದು?” ಮೇಷ್ಟ್ರು ರೇಗಿದರು.

“ಬರೀರಿ ಮೇಷ್ಟ್ರೇ,” ಎಂದರು ಪಕ್ಕದ ತರಗತಿಯ ಟೀಚರು. “ಶಾಲೆಗೆ ಹೆಸರು ಬಂದ್ರೆ ಕೇಳಿದ್ದೆಲ್ಲ ಸಿಗುತ್ತೆ. ಅಳೋ ಮಗೂಗಿಂತ ನಗೋ ಮಗೂನೇ ಎಲ್ರೂ ಎತ್ಕೊಳ್ಳೋದು.”

ಆಸೆ ಕೆಟ್ಟದ್ದು. ಮೇಷ್ಟ್ರು ಹದಿನಾರೆಂದು ಬರೆದು ಸಹಿ ಹಾಕಿದರು.

ಸಾಹೇಬರು ಬರುವ ಹೊತ್ತಿಗೆ ಹೆಡ್‌ಮಾಸ್ಟರು ಪ್ರತಿ ತರಗತಿಯಿಂದಲೂ ನಲವತ್ತೆಂಟು ಮಕ್ಕಳನ್ನು ಮೈದಾನದಾಚೆಗೆ ಅಟ್ಟಿದ್ದರು. ತಮ್ಮ ಕೋಣೆಯಲ್ಲಿ ಉಳಿದ ಹದಿನಾರು ಮಕ್ಕಳಿಗೆ ಮೇಷ್ಟ್ರು ಮೈಮರೆತು ಪಾಠ ಮಾಡಿದರು. ಕೊನೆಯ ಬೆಂಚಿನ ಹುಡುಗಿ ಎದ್ದು ಉತ್ತರ ಹೇಳಿದಳು. ಅವಳ ದನಿಯನ್ನು ಅವರು ಕೇಳಿದ್ದು ಆ ವರ್ಷ ಅದೇ ಮೊದಲು.

ಬಾಗಿಲಲ್ಲಿ ನಿಂತಿದ್ದ ಸಾಹೇಬರು ತಲೆದೂಗಿದರು. “ಭೇಷ್! ಆದ್ರೆ ಮೂವತ್ತು ಮಕ್ಕಳಿಗೊಬ್ಬರು ಸಾಕು ಅಂತ ನಿಯಮ. ನಿಮ್ಮಲ್ಲಿ ಹದಿನಾರಕ್ಕೊಬ್ಬರು. ಹೆಚ್ಚಾಯ್ತು. ಸದ್ಯ ಒಬ್ಬರನ್ನ ಬೇರೆ ಶಾಲೆಗೆ ಕಳಿಸ್ತೀವಿ. ಎಲ್ಲರಿಗಿಂತ ಕಿರಿಯರು ಯಾರು?”

ಕಿರಿಯರು ಗಣಿತದ ಮೇಷ್ಟ್ರೇ.

“ಸುಳ್ಳು ಸ್ವಾಮಿ! ಇಲ್ಲಿ ಅರವತ್ನಾಲ್ಕು ಮಕ್ಕಳಿದಾರೆ!”

ಸಾಹೇಬರು ಬೆಂಚಿನಲ್ಲಿದ್ದ ಮಕ್ಕಳನ್ನು ಎಣಿಸಿ, ಹಾಳೆ ತಿರುಗಿಸಿ ತೋರಿಸಿದರು. “ಸಹಿ ನಿಮ್ಮದೇ ತಾನೆ? ಗಣಿತದ ಮೇಷ್ಟ್ರಿಗೆ ಎಣಿಸೋಕೂ ಬರಲ್ವಾ?”

ಸಂಜೆಯೊಳಗೆ ವರ್ಗಾವಣೆಯ ಆದೇಶ ಕೈಸೇರಿತು. ಮೇಷ್ಟ್ರು ಹಾಜರಿ ಪುಸ್ತಕ ಒಪ್ಪಿಸಲು ಹೋದಾಗ ಪಕ್ಕದ ತರಗತಿಯ ಟೀಚರು ಬಿಳಿಚಿಕೊಂಡರು. “ನಿಮ್ಮ ಮಕ್ಕಳೂ ನನಗೇನಾ? ನೂರಿಪ್ಪತ್ತೆಂಟಾಗುತ್ತಲ್ರೀ!”

“ಹೆದರ್ಬೇಡಿ ಮೇಡಂ,” ಎಂದ ಗುಮಾಸ್ತ. “ಮೇಷ್ಟ್ರು ಹೋದ್ರೂ ಕೋಣೆ ಇಲ್ಲೇ ಇರುತ್ತಲ್ಲ. ಸರಾಸರಿ ಹದಿನಾರೇ.”